ನರ್ಸಬಾಯಿಯ ಮನೆಗೆ ಬಂದ ನರ್ಸು

ಮೊನ್ನೆ ಹಾಲು ತರಲು ಅಂಗಡಿಗೆ ಹೋದವಳು ಅಲ್ಲೇ ಮೂಲೆಯಲ್ಲಿದ್ದ ಔಷಧಿ ಕೌಂಟರಿನಲ್ಲಿ ಫ್ಲೂ ಚುಚ್ಚುಮದ್ದನ್ನೂ ಹಾಕಿಸಿಕೊಂಡು ಬಂದೆ. ಈ ವಯಸ್ಸಿನಲ್ಲೂ ನನಗೆ ಸೂಜಿಯೆಂದರೆ ಜೀವ ಬಾಯಿಗೆ ಬರುತ್ತದೆ. ಮುಖ ಆಚೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದೆ. ತೋಳಿಗೆ ತಣ್ಣನೆಯ ಹತ್ತಿ ತಾಗಿತು, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂತು. ಅಷ್ಟೇ. ಆಮೇಲೆ ಸೂಜಿ ಯಾವಾಗ ಹೋಯಿತೋ ಯಾವಾಗ ಬಂತೋ ತಿಳಿಯಲಿಲ್ಲ. ಅಷ್ಟರಲ್ಲಿ ನಾನು ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯೊಳಗೆ ಇಳಿದುಬಿಟ್ಟಿದ್ದೆ. ಹ್ಯೂಸ್ಟನ್ ನಗರದ ಅಂಚಿನ ಇದೇ ಕೇಟಿಯ ನಮ್ಮ ಮನೆಯ ಕೆಳಗಿನ ಕೋಣೆ, ಅರ್ಧ ಎಳೆದ ಪರದೆ, ಮಂಚದ ಮೇಲೆ ಅತ್ತೆ, ನೆಲದ ಮೇಲೆ ಮಂಡಿಯೂರಿ ಕೂತ ಬಸಲಿಂಗವ್ವ.

ಬಸಲಿಂಗವ್ವ ಯಾರೆಂದು ಹೇಳುತ್ತೇನೆ, ತಾಳಿ. ಮೊದಲು ಅತ್ತೆಯ ವಿಷಯ.

ನಮ್ಮ ಅತ್ತೆ ನೀಲವ್ವ ನವಲಗುಂದದ ಸುತ್ತಮುತ್ತಲ ಹಳ್ಳಿಗಳಲ್ಲಿ ಸರ್ಕಾರಿ ದಾದಿಯಾಗಿದ್ದವರು. ಅಲ್ಲಿನ ಜನರ ಬಾಯಲ್ಲಿ ನರ್ಸಬಾಯಿ. ಹೆಗಲಿಗೆ ಲಸಿಕೆಯ ಡಬ್ಬಿ, ಕೈಯಲ್ಲಿ ಕೊಡೆ, ಮಳೆಗಾಲದಲ್ಲಿ ಮೊಣಕಾಲವರೆಗೆ ಮೆತ್ತುವ ಎರೆಮಣ್ಣು. ಹೆರಿಗೆ, ಜ್ವರ, ಹಾವು ಕಚ್ಚಿದ್ದು, ಸೊಸೆ ಮುನಿಸಿಕೊಂಡು ಊಟ ಬಿಟ್ಟದ್ದು, ಎಲ್ಲಕ್ಕೂ ನರ್ಸಬಾಯಿಯೇ ಬೇಕು. ನಾನು ಮೈಸೂರಿನವಳು. ಮದುವೆಯಾದ ಹೊಸತರಲ್ಲಿ ಅತ್ತೆಯ ಮಾತಿನ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ, ಉಳಿದರ್ಧಕ್ಕೆ ಹೆದರಿಕೆಯಾಗುತ್ತಿತ್ತು. ‘ಮಾರಿ ತೊಳ್ಕೊಂಡ್ ಬಾ’ ಎಂದರೆ ಯಾವ ದೇವಿಯ ಪೂಜೆಯಪ್ಪಾ ಇದು ಎಂದು ನಿಂತುಬಿಟ್ಟವಳು ನಾನು. ಮುಖ ತೊಳೆದುಕೊಂಡು ಬಾ ಅಂದದ್ದಂತೆ.

ಮಾವ ಹೋದ ಮೇಲೆ ಅತ್ತೆ ನಮ್ಮ ಜೊತೆಯಲ್ಲೇ ಇರಲು ಕೇಟಿಗೆ ಬಂದರು. ನಮ್ಮ ಬೀದಿಯನ್ನು ನೀವು ನೋಡಿರಬಹುದು, ಅಥವಾ ಇಂಥದೇ ಇನ್ನೊಂದನ್ನು. ಒಂದೇ ಬಣ್ಣದ ಇಟ್ಟಿಗೆಯ ಮನೆಗಳು, ಸದಾ ಮುಚ್ಚಿರುವ ಗ್ಯಾರೇಜ್ ಬಾಗಿಲುಗಳು, ಮಧ್ಯಾಹ್ನದ ಬಿಸಿಲಲ್ಲಿ ತಾವಾಗಿಯೇ ತಿರುಗುತ್ತ ಹುಲ್ಲಿಗೆ ನೀರು ಚಿಮ್ಮುವ ಸ್ಪ್ರಿಂಕ್ಲರುಗಳು. ಇಲ್ಲಿ ಯಾರಿಗೆ ಜ್ವರ ಬಂದಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಹೊರಗಿನಿಂದ ಹೇಳಲು ಸಾಧ್ಯವೇ ಇಲ್ಲ. ಅತ್ತೆ ಕಿಟಕಿಯಲ್ಲಿ ಕೂತು ಕೇಳುತ್ತಿದ್ದರು: “ಇಲ್ಲಿ ಮಂದಿಗೆ ಜಡ್ಡು ಬರೂದಿಲ್ಲೇನ?”

ಬಂದದ್ದು ಅವರಿಗೇ. ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಆ ವರ್ಷ ಬಲಗಾಲಿನ ಹೆಬ್ಬೆರಳಿಗೆ ಸಣ್ಣ ಗಾಯವಾಗಿ, ಅದನ್ನು ಅವರು ನಮ್ಮಿಂದ ಮುಚ್ಚಿಟ್ಟು, ಕೊನೆಗೆ ಆಸ್ಪತ್ರೆಯಲ್ಲಿ ಬೆರಳನ್ನೇ ತೆಗೆಯಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರು ಗಾಯ ಒಣಗುವವರೆಗೂ ಮನೆಗೇ ನರ್ಸ್ ಬಂದು ಪಟ್ಟಿ ಬದಲಿಸುತ್ತಾರೆ ಎಂದರು. ಹಾಗೆ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದವಳು ಬ್ಲೆಸ್ಸಿಂಗ್. ನೈಜೀರಿಯಾದಿಂದ ಬಂದು ಹ್ಯೂಸ್ಟನ್ನಿನಲ್ಲಿ ನೆಲೆಸಿದ ಎತ್ತರದ ಹೆಂಗಸು, ನೀಲಿ ಸಮವಸ್ತ್ರ, ತುಂಬುತ್ತಿದ್ದ ಹೊಟ್ಟೆ. ಚೊಚ್ಚಲ ಬಸುರಿ. ಕಾರಿನ ಡಿಕ್ಕಿ ತೆರೆದರೆ ಒಳಗೆ ಒಂದು ಪುಟ್ಟ ಆಸ್ಪತ್ರೆ.

ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

“ಇಷ್ಟ ವರ್ಷ ಮಂದೀ ಕಾಲು ನಾ ಹಿಡದೀನಿ. ನನ್ನ ಕಾಲು ಯಾರೂ ಹಿಡಿಯೂದು ಬ್ಯಾಡ. ಆಕೀಗೆ ಚಾ ಕೊಟ್ಟು ಕಳಸು. ನನ್ನ ಗಾಯ ನಾ ಕಟ್ಕೋತೀನಿ.”

ಕಟ್ಟಿಕೊಳ್ಳಲು ಬಗ್ಗಲಾದರೂ ಬರಬೇಕಲ್ಲ! ಗಂಡ ಗಿರೀಶ ಕೈಮುಗಿಯುವುದೊಂದು ಬಾಕಿ. “ಅವ್ವಾ, ಹಟಾ ಮಾಡಬ್ಯಾಡ. ಒಣಗಲಿಲ್ಲಂದ್ರ ಪಾದಾನ ತೆಗೀಬೇಕಾಗತೈತಿ ಅಂದಾರ ಡಾಕ್ಟರ್.” ಅತ್ತೆ ಗೋಡೆಯತ್ತ ತಿರುಗಿ ಮಲಗಿದರು. ಅವರ ಭಯ ಅವತ್ತು ನನಗೆ ಹಟದಂತೆ ಕಂಡಿತ್ತು. ಮಂಚದ ಪಕ್ಕದಲ್ಲಿ ನಿಂತು ಬದುಕು ಕಳೆದವರಿಗೆ ಮಂಚದ ಮೇಲಿಂದ ಲೋಕ ಹೇಗೆ ಕಾಣುತ್ತದೆಂದು ಯಾರು ಹೇಳಬೇಕು?

ಬ್ಲೆಸ್ಸಿಂಗ್ ನನ್ನನ್ನು ಅಡಿಗೆಮನೆಗೆ ಕರೆದು ವಿಚಾರಿಸಿದಳು. ಅತ್ತೆ ದಾದಿಯಾಗಿದ್ದರು ಎಂದೆ. ಅವಳ ಮುಖ ಅರಳಿತು. ನೇರ ಕೋಣೆಗೆ ಹೋಗಿ, ತಾನು ತಂದ ತಟ್ಟೆಯನ್ನು ಮಂಚದ ಮೇಲಿಟ್ಟು, ಕೈ ಹಿಂದೆ ಕಟ್ಟಿ ನಿಂತು, ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ ಹೇಳಿದಳು: “ಗುಡ್ ಮಾರ್ನಿಂಗ್, ಸಿಸ್ಟರ್.”

ಆ ಒಂದು ಪದಕ್ಕೆ ನನ್ನ ಅನುವಾದ ಬೇಕಾಗಲಿಲ್ಲ. ಅತ್ತೆ ಮೆಲ್ಲಗೆ ತಿರುಗಿದರು. ತಟ್ಟೆಯಲ್ಲಿದ್ದ ಬಟ್ಟೆ, ಇಕ್ಕಳ, ಕತ್ತರಿಯನ್ನು ಒಂದೊಂದಾಗಿ ನೋಡಿದರು. ಆಮೇಲೆ ಕಾಲು ಹೊರಗೆ ಬಂತು. ಬ್ಲೆಸ್ಸಿಂಗ್ ಗಾಯ ತೊಳೆದಳು, ಅತ್ತೆ ಅಂಟುಪಟ್ಟಿ ಹರಿದು ಹರಿದು ಕೊಟ್ಟರು. ನಾನು? ನಾನು ಬಾಗಿಲ ಚೌಕಟ್ಟು ಹಿಡಿದು, ಚಾವಣಿ ನೋಡುತ್ತ, ಇಬ್ಬರ ಮಾತನ್ನೂ ದಾಟಿಸುತ್ತಿದ್ದೆ. ರಕ್ತ ನೋಡಿದರೆ ತಲೆ ತಿರುಗುವ ದುಭಾಷಿ.

ಅತ್ತೆಯ ನಾಲಿಗೆಗೆ ‘ಬ್ಲೆಸ್ಸಿಂಗ್’ ಹೊರಳಲಿಲ್ಲ. ಮೂರನೆಯ ಭೇಟಿಯ ಹೊತ್ತಿಗೆ ಅವಳು ಬಸಲಿಂಗಿಯಾದಳು. ಹೊಟ್ಟೆ ದೊಡ್ಡದಾದಂತೆ ಗೌರವವೂ ಬೆಳೆದು ಬಸಲಿಂಗವ್ವ.

ಆ ಬೇಸಿಗೆಯ ಬೆಳಿಗ್ಗೆಗಳು ಈಗಲೂ ನನಗೆ ಅರೆನಿದ್ದೆಯಲ್ಲಿ ಕಂಡವುಗಳಂತಿವೆ. ಹೊರಗೆ ಸೆಕೆಗೆ ಬೀದಿಯೇ ನೀರಿನಂತೆ ತೇಲುತ್ತಿತ್ತು. ಒಳಗೆ ಪರದೆಯ ಹಳದಿ ಬೆಳಕು, ಎಸಿಯ ಗುಂಯ್‌ಗುಡುವಿಕೆ, ಸ್ಪಿರಿಟ್ಟಿನ ವಾಸನೆ, ಬ್ಲೆಸ್ಸಿಂಗ್ ತನ್ನ ಭಾಷೆಯಲ್ಲಿ ಗುನುಗುವ ಯಾವುದೋ ಹಾಡು. ಮನೆಗೆ ಬರುವ ನರ್ಸ್ ಗಾಯವನ್ನಷ್ಟೇ ನೋಡಿ ಹೋಗುವುದಿಲ್ಲವೆಂದು ನನಗೆ ತಿಳಿದದ್ದು ಆಗಲೇ. ಅವಳು ಫ್ರಿಜ್ಜಿನೊಳಗೆ ಇಣುಕಿದಳು. ಕಾಲಿಗೆ ತೊಡರುತ್ತಿದ್ದ ನೆಲಹಾಸನ್ನು ಸುತ್ತಿ ಮೂಲೆಗಿಟ್ಟಳು. ಅತ್ತೆಯ ಮಂಚವನ್ನು ಬೀದಿ ಕಾಣುವ ಹಾಗೆ ತಿರುಗಿಸಿದಳು. ಒಂದು ದಿನ ನನ್ನ ಮುಖವನ್ನೂ ನೋಡಿ, ನೀನು ಯಾವಾಗ ಮಲಗುತ್ತೀಯ ಎಂದು ಕೇಳಿದಳು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಅವಳು ಏಳು ತಿಂಗಳು ತುಂಬಿದ ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಎಂದಿನಂತೆ ಬಂದಳು. ಎಂದಿನಂತೆ ಮಂಡಿಯೂರಿದಳು. ಅತ್ತೆ ಅಂಟುಪಟ್ಟಿ ಹರಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡತೊಡಗಿದರು.

“ಆಕೀ ಮಾರಿ ನೋಡು. ಬಾತೈತಿ. ಹೋದ ಸಲ ಹಿಂಗ ಇದ್ದಿಲ್ಲ. ತಲಿ ನೋಯ್ತೈತೇನ ಕೇಳು.”

ಕೇಳಿದೆ. ಸ್ವಲ್ಪ, ಎಂದಳು ಬ್ಲೆಸ್ಸಿಂಗ್. ನಿನ್ನೆಯಿಂದ. ಬಗ್ಗಿದರೆ ಕಣ್ಣ ಮುಂದೆ ಮಿಣುಕುಹುಳ ಹಾರಿದ ಹಾಗೆ. ಬೇಸಿಗೆಯಲ್ಲವೇ, ಇನ್ನೂ ಕೆಲವು ಮನೆಗಳಿವೆ, ಮುಗಿಸಿ ಮಲಗುತ್ತೇನೆ.

“ಮೊದಲ ಕೂಡು ಅನ್ನು ಆಕೀಗೆ,” ಎಂದರು ಅತ್ತೆ. ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು. ಊರೂರಿನ ಗಂಡಸರು ಬಸುರಿಯರನ್ನು ಆಸ್ಪತ್ರೆಗೆ ಒಯ್ಯಲು ಎತ್ತಿನಬಂಡಿ ಹೂಡಿದ್ದು ಅದೇ ದನಿಗೆ ಇರಬೇಕು. ಬ್ಲೆಸ್ಸಿಂಗ್ ಮಂಚದ ಅಂಚಿಗೆ ಕೂತಳು. ಅತ್ತೆ ಅವಳದೇ ಚೀಲದಿಂದ ಬಿ.ಪಿ. ಪಟ್ಟಿ ತೆಗೆದು ಅವಳ ತೋಳಿಗೆ ಸುತ್ತಿದರು. ಯಂತ್ರ ಗುರ್ರೆಂದು ನಿಂತಿತು. ಇಬ್ಬರೂ ಅದನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ನಾನೂ ಬಗ್ಗಿ ನೋಡಿದೆ, ಬಿ.ಪಿ. ಬಹಳ ಏರಿತ್ತು.

“ನನಗೆ ಗೊತ್ತಿತ್ತು, ಸಿಸ್ಟರ್,” ಎಂದಳು ಬ್ಲೆಸ್ಸಿಂಗ್, ಬಹಳ ಸಣ್ಣ ದನಿಯಲ್ಲಿ. “ಬೆಳಿಗ್ಗೆ ಕನ್ನಡಿಯಲ್ಲೇ ಅನುಮಾನ ಬಂತು. ಈ ಪಟ್ಟಿ ದಿನಾ ಎಷ್ಟು ಜನರಿಗೆ ಕಟ್ಟುತ್ತೇನೆ. ನನಗೆ ಕಟ್ಟಿಕೊಳ್ಳಲು ಕೂರಲೇ ಇಲ್ಲ.”

ಅವಳ ಡಾಕ್ಟರಿಗೆ ಫೋನ್ ಮಾಡಿದೆವು. ತಕ್ಷಣ ಆಸ್ಪತ್ರೆಗೆ ಬರಬೇಕು, ತಾನೇ ಡ್ರೈವ್ ಮಾಡಕೂಡದು ಎಂದರು. ಅವಳ ಗಂಡ ಊರ ಇನ್ನೊಂದು ತುದಿಯಲ್ಲಿ ಕೆಲಸದಲ್ಲಿದ್ದ. ನೇರ ಆಸ್ಪತ್ರೆಗೇ ಬರುತ್ತೇನೆಂದ. ಗಿರೀಶ ಆಫೀಸಿನಲ್ಲಿ. ಉಳಿದವಳು ನಾನು, ಹೈವೇ ಎಂದರೆ ಹೆದರಿ ಇಡೀ ಹ್ಯೂಸ್ಟನ್ನನ್ನು ಪಕ್ಕದ ಫೀಡರ್ ರೋಡಿನಲ್ಲೇ ಸುತ್ತುತ್ತಿದ್ದವಳು. ಬೀಗದಕೈ ತೆಗೆದುಕೊಂಡು ಗ್ಯಾರೇಜಿಗೆ ಬಂದರೆ, ಬೆರಳು ತೆಗೆದಾಗಿನಿಂದ ಆಸ್ಪತ್ರೆಗಲ್ಲದೆ ಹೊಸ್ತಿಲು ದಾಟದ ಅತ್ತೆ ಆಸ್ಪತ್ರೆಯವರು ಕೊಟ್ಟ ದಪ್ಪ ಬೂಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಬ್ಲೆಸ್ಸಿಂಗ್‌ಳನ್ನು ಎಡಮಗ್ಗುಲಿಗೆ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು.

ಆ ದಾರಿ ನನಗೆ ಪೂರ್ತಿ ನೆನಪಿಲ್ಲ. ಐ-ಟೆನ್ ಹೈವೇಯ ಬಿಳಿ ಕಾಂಕ್ರೀಟು ಕಣ್ಣು ಕುಕ್ಕುತ್ತಿತ್ತು. ಎರಡೂ ಪಕ್ಕ ಟ್ರಕ್ಕುಗಳು ಆನೆಗಳಂತೆ ಸರಿಯುತ್ತಿದ್ದವು. ದೂರದಲ್ಲಿ ಸಮುದ್ರದ ಕಡೆಯ ಮೋಡಗಳು ಹತ್ತಿಯ ಬೆಟ್ಟದ ಹಾಗೆ ಎದ್ದಿದ್ದವು, ನಾವು ಎಷ್ಟು ಓಡಿದರೂ ಅಷ್ಟೇ ದೂರ. ಹಿಂದಿನಿಂದ ಅತ್ತೆಯ ಮಾತು ಕೇಳುತ್ತಿತ್ತು, ಲಾಲಿಯಂಥ ದನಿಯಲ್ಲಿ. ಬ್ಲೆಸ್ಸಿಂಗ್‌ಳಿಗೆ ಒಂದಕ್ಷರವೂ ತಿಳಿಯದ ಕನ್ನಡದಲ್ಲಿ.

“ಹೆದರಬ್ಯಾಡ, ನನ್ನವ್ವ. ಮಂದೀ ಹೆರಿಗಿ ಮಾಡ್ಕೋತ ನಾನೂ ಹಿಂಗ ಅಡ್ಡಾಡೀನಿ. ಗಿರೀಶಗಿಂತ ಮೊದಲ ಒಂದು ಕೂಸಿತ್ತು. ಕಾಲು ಬಾತಿದ್ದವು, ತಲಿ ಸಿಡೀತಿತ್ತು. ಎಲ್ಲಾ ಗೊತ್ತಿತ್ತು ನನಗ. ಕೂಡು ಅನ್ನಾವ್ರು ಯಾರೂ ಇದ್ದಿಲ್ಲ. ನಾನೂ ಕೂಡಲಿಲ್ಲ.”

ಕನ್ನಡಿಯಲ್ಲಿ ನೋಡಿದೆ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು, ಕೈ ಮಾತ್ರ ಬ್ಲೆಸ್ಸಿಂಗ್‌ಳ ಹಣೆಯ ಮೇಲೆ ಆಡುತ್ತಿತ್ತು. ಏನಂತಾರೆ ನಿಮ್ಮತ್ತೆ ಎಂದು ಬ್ಲೆಸ್ಸಿಂಗ್ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಹೆದರಬೇಡ ಅಂತಿದಾರೆ,” ಎಂದೆ. ದುಭಾಷಿಯಾಗಿ ನಾನು ಮಾಡಿದ ಅತಿ ಚಿಕ್ಕ ಅನುವಾದ ಅದು. ಗಿರೀಶನಿಗೆ ಉಳಿಯದೆ ಹೋದ ಅಣ್ಣನೋ ಅಕ್ಕನೋ ಒಬ್ಬರಿದ್ದ ಸುದ್ದಿ ಅವನಿಗೆ ತಲುಪಿದ್ದು ಎಷ್ಟೋ ದಿನಗಳ ಮೇಲೆ, ಅವನ ತಾಯಿಯ ಬಾಯಿಂದಲೇ.

ಅವತ್ತೇ ಸಂಜೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು. ಎಷ್ಟೋ ವಾರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಅತ್ತೆಗೆ ಪಟ್ಟಿ ಕಟ್ಟಲು ಬೇರೊಬ್ಬ ನರ್ಸ್ ಬರುತ್ತಿದ್ದ, ಒಳ್ಳೆಯ ಹುಡುಗ. ಅತ್ತೆ ಈಗ ಹಟ ಮಾಡದೆ ಕಾಲು ಕೊಡುತ್ತಿದ್ದರು, ಕೊಟ್ಟು ಪ್ರತಿಸಲವೂ ಒಂದೇ ಪ್ರಶ್ನೆ: “ಬಸಲಿಂಗವ್ವನ ಕೂಸು ಹಾಲು ಕುಡೀತೈತಂತ?” ಪಾಪ, ಅವನಿಗೇನು ಗೊತ್ತು. ಆದರೂ ನಾನು ಅನುವಾದ ಮಾಡುತ್ತಿದ್ದೆ, ಅವನು ಖಂಡಿತಾ ಕುಡಿಯುತ್ತಿರಬೇಕು ಎನ್ನುತ್ತಿದ್ದ.

ಮಗು ಮನೆಗೆ ಬಂತೆಂದು ತಿಳಿದ ದಿನ ಅತ್ತೆ ನನ್ನನ್ನು ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಗಳಿಗೆ ಓಡಿಸಿದರು. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ. ತುಪ್ಪದಲ್ಲಿ ಅಂಟು ಹುರಿದು ಅರಳಿಸಿ, ಕುರ್ಚಿಯಲ್ಲಿ ಕೂತೇ ಬಾಣಂತಿಯ ಉಂಡಿ ಕಟ್ಟಿದರು. ಬ್ಲೆಸ್ಸಿಂಗ್‌ಳ ಪುಟ್ಟ ಅಪಾರ್ಟ್‌ಮೆಂಟಿಗೆ ಹೋದಾಗ ಅವಳು ಅಳುತ್ತಿದ್ದಳು. ಅವರ ಕಡೆ ಹೆರಿಗೆಯಾದರೆ ತಾಯಿ ಬಂದು ತಿಂಗಳುಗಟ್ಟಲೆ ಇದ್ದು ಬಾಣಂತನ ಮಾಡುವುದು ರೂಢಿಯಂತೆ. ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಆ ತಾಯಿ ಫೋನಿನ ಪರದೆಯಲ್ಲಿದ್ದರು, ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು.

ಅತ್ತೆ ಫೋನನ್ನು ಕೈಗೆ ತೆಗೆದುಕೊಂಡರು. ಆಮೇಲೆ ನಡೆದದ್ದನ್ನು ನೀವು ಕಣ್ಣಾರೆ ನೋಡಬೇಕಿತ್ತು. ಆಕೆ ಇಗ್ಬೋ ಭಾಷೆಯಲ್ಲಿ, ಇವರು ಧಾರವಾಡದ ಕನ್ನಡದಲ್ಲಿ, ಇಬ್ಬರೂ ಒಟ್ಟಿಗೇ, ಒಬ್ಬರಿಗಿಂತ ಒಬ್ಬರು ಜೋರಾಗಿ. ಆಕೆ ಹೊಟ್ಟೆ ಮುಟ್ಟಿ ತೋರಿಸಿದರು, ಬಿಸಿನೀರು ಸುರಿಯುವ ಹಾಗೆ ಕೈ ಆಡಿಸಿದರು. “ಹೊಲಿಗಿ ಒಣಗೂ ತನಕ ನೀರು ಬ್ಯಾಡ್ರೀ!” ಎಂದು ಅತ್ತೆ ಗದರಿದರು. ಆಕೆ ಏನೋ ಅರೆಯುವ ಹಾಗೆ ತೋರಿಸಿದರು. “ಮೆಣಸಿನ ಸಾರು? ಹಾಂ, ಅದು ಛಲೋ,” ಎಂದರು ಅತ್ತೆ. ನಾನೂ ಬ್ಲೆಸ್ಸಿಂಗೂ ಅನುವಾದ ಮಾಡಲು ಬಾಯಿ ತೆರೆದು, ಬೇಡವೆಂದು ಸುಮ್ಮನಾದೆವು. ಬ್ಲೆಸ್ಸಿಂಗ್ ಅಳು ನಿಲ್ಲಿಸಿ ಉಂಡಿ ಕಚ್ಚಿದಳು.

ಚಳಿಗಾಲದ ಹೊತ್ತಿಗೆ ಅತ್ತೆಯ ಗಾಯ ಒಣಗಿತು. ಪಾದ ಉಳಿಯಿತು. ಬ್ಲೆಸ್ಸಿಂಗ್ ಮತ್ತೆ ಕೆಲಸಕ್ಕೆ ಹೊರಟಾಗ ಕೆಲವು ತಿಂಗಳು ಆ ಮಗು ಹಗಲು ಹೊತ್ತು ನಮ್ಮ ಮನೆಯಲ್ಲಿ, ಅತ್ತೆಯ ಚಾಚಿದ ಕಾಲುಗಳ ಮೇಲೆ ಎಣ್ಣೆ ಹಚ್ಚಿಸಿಕೊಂಡು ಬೆಳೆಯಿತು. ಅಮಾರಾ ಅವಳ ಹೆಸರು. ಈಗ ಶಾಲೆಗೆ ಹೋಗುತ್ತಾಳೆ, ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿನ ನಮ್ಮವರ ಎಲ್ಲ ಮಕ್ಕಳ ಹಾಗೆ.

ಅತ್ತೆ ಕಳೆದ ವರ್ಷದಿಂದ ಮರೆಯತೊಡಗಿದ್ದಾರೆ. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು, ಈಗ ಊರು. ಕೆಲವು ಬೆಳಿಗ್ಗೆ ಎದ್ದವರೇ “ಇವತ್ತ ಯಾವ ಹಳ್ಳಿಗೆ ಪಾಳಿ?” ಎನ್ನುತ್ತಾರೆ. ಪಕ್ಕದಲ್ಲಿ ಯಾರು ಕೂತರೂ ಅವರ ಬೆರಳುಗಳು ಹೋಗಿ ಮಣಿಕಟ್ಟಿನ ನಾಡಿ ಹಿಡಿಯುತ್ತವೆ. ಬ್ಲೆಸ್ಸಿಂಗ್ ಬಿಡುವಿದ್ದಾಗ ಬಂದು ನನಗೆ ಕಲಿಸಿದ್ದಾಳೆ: ಬೆನ್ನಿಗೆ ದಿಂಬು ಹೇಗಿಡುವುದು, ಹಾಸಿಗೆಯಲ್ಲೇ ಮೈ ಹೇಗೆ ಒರೆಸುವುದು, ಸಕ್ಕರೆ ನೋಡಲು ಬೆರಳಿನ ಯಾವ ಪಕ್ಕ ಚುಚ್ಚುವುದು. ಚುಚ್ಚುತ್ತೇನೆ, ನೋಡಿ, ನಾನೇ. ಕಣ್ಣು ಬಿಟ್ಟುಕೊಂಡೇ.

ಇಂದು ಬೆಳಿಗ್ಗೆ ಕಿಟಕಿಯ ಬಿಸಿಲಲ್ಲಿ ಕೂರಿಸಿ ಅವರ ತಲೆ ಬಾಚುತ್ತಿದ್ದೆ. ಕೂದಲು ಈಗ ಒಂದು ಹಿಡಿಯೂ ಇಲ್ಲ, ರೇಷ್ಮೆಯ ಹಾಗೆ ಜಾರುತ್ತದೆ. ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದವರು ತಲೆಯೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

“ನೀ ಹೊಸದಾಗಿ ಬಂದ ನರ್ಸೇನವ್ವಾ?”

“ಹೌದ್ರೀ,” ಎಂದೆ.

“ಯಾವ ಊರು ಕೊಟ್ಟಾರ ನಿನಗ?”

“ಕೇಟಿ, ರೀ.”

ಅವರು ಯೋಚಿಸಿದರು. ತಮ್ಮ ತಲೆಯೊಳಗಿನ ಎರೆಮಣ್ಣಿನ ದಾರಿಗಳಲ್ಲೆಲ್ಲ ಒಮ್ಮೆ ನಡೆದು ನೋಡಿ ಬಂದಂತೆ ಕಂಡಿತು. ಆಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

“ದೂರ ಐತಿ ಅದು. ನಡಿಯೂದು ಭಾಳ ಆಗತೈತಿ. ಮೊದಲ ಕೂಡು. ಉಂಡು ಹೋಗುವಂತಿ.”

ನಾನು ಕೂತೆ.