ಆಟದ ದೋಣಿಗೆ ಒಡೆದ ಕಾಯಿ

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ಅಂಕೋಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಕಾರವಾರದಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದ ಮೇಲೆ, ಮಕ್ಕಳ ಆಟದ ಜಾಗ ಹೇಗಿರಬೇಕೆಂದು ಇಡೀ ತಾಲೂಕಿನಲ್ಲಿ ಬಲ್ಲವನು ನಾನೊಬ್ಬನೇ ಎಂದು ನನಗೆ ಖಾತ್ರಿಯಾಯಿತು. ಜಾರುಬಂಡಿ, ಜೋಕಾಲಿ ಎಲ್ಲ ಕಡೆಯೂ ಇರುತ್ತವೆ. ಆಟದ ಜಾಗ ಆಯಾ ಊರಿನಿಂದಲೇ ಹುಟ್ಟಬೇಕು ಎಂದು ಅಲ್ಲಿ ಹೇಳಿದ್ದರು. ಸಮುದ್ರದ ಬದಿಯಲ್ಲೇ ಬೆಳೆದ ನನಗೆ ಇಷ್ಟು ತಿಳಿಯಲು ಮೂರು ದಿನ, ಚಹಾ, ಊಟ ಎಲ್ಲ ಬೇಕಾಯಿತು.

ಅವರ್ಸಾ ಕಡೆಯ ಒಂದು ಶಾಲೆಯವರು ನನ್ನ ಕೈಗೆ ಸಿಕ್ಕರು. ಅಲ್ಲಿ ಮೀನು ಮಾರುವ ಅಜ್ಜಿಯೊಬ್ಬಳ ಮನೆ ಹಿಂದೆ ತೀರಿಹೋದ ಗಂಡನ ದೋಣಿ ಬೋರಲಾಗಿ ಬಿದ್ದಿತ್ತು. ಸೌದೆಗೆ ಕೇಳಿದವರಿಗೆ ಕೊಡದವಳು ಮಕ್ಕಳ ಆಟಕ್ಕೆಂದಾಗ ಕೊಟ್ಟಳು. ಅದರೊಳಗೆ ಮತ್ತೆ ಗದ್ದಲ ಕೇಳಬೇಕು ಎಂದಷ್ಟೇ ಹೇಳಿದಳು. ನಾನು ತಲೆಯಾಡಿಸಿ ನಕ್ಷೆಗೆ ಕೂತೆ. ಮರಳಿನ ಕಡಲು, ಹಗ್ಗದ ಏಣಿ, ಹಳೇ ಬಲೆಯ ತೊಟ್ಟಿಲು. ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದಕ್ಕೂ ಬಾಣದ ಗುರುತು ಹಾಕಿದೆ.

ದೋಣಿ ಶಾಲೆಯ ಅಂಗಳಕ್ಕೆ ಬಂದು ನೆಟ್ಟಗೆ ಕೂತಿತು. ಉದ್ಘಾಟನೆಯ ದಿನ ಭಾಷಣವೂ ನನ್ನದೇ. ಉಮೇದಿನಲ್ಲಿ ದೋಣಿಗೆ ಹೂಮಾಲೆ ಹಾಕಿಸಿದೆ, ಕುಂಕುಮ ಹಚ್ಚಿಸಿದೆ, ಕಾಯಿಯನ್ನೂ ನಾನೇ ಒಡೆದೆ. ಊರಿನ ಸಂಸ್ಕೃತಿ ಬೇಡವೇ? ಪೂಜೆಯಾದ ದೋಣಿಯನ್ನು ಮಕ್ಕಳು ತುಳಿಯಬಾರದೆಂದು ಮರುದಿನವೇ ಶಾಲಾ ಸಮಿತಿಯವರು ತೀರ್ಮಾನಿಸಿದರು. ಅವರೆಲ್ಲ ಗದ್ದೆ ಬೇಸಾಯದವರು, ದೋಣಿ ಹತ್ತಿದವರಲ್ಲ. ವಾರದೊಳಗೆ ಸುತ್ತ ಬಿದಿರಿನ ಬೇಲಿ ಬಂತು, ಆಮೇಲೆ ಚಪ್ಪಲಿ ಬಿಡಲು ಒಂದು ಕಲ್ಲು. ಇಡೀ ಕಾಮಗಾರಿಯಲ್ಲಿ ಗಟ್ಟಿಯಾಗಿದ್ದವು ಇವೆರಡೇ. ಮಕ್ಕಳು ಬೇಲಿಯಾಚೆ ನಿಂತು ಕೈಮುಗಿದು ತರಗತಿಗೆ ಹೋಗುತ್ತಿದ್ದರು. ಹಿರಿಯರಿಗೆ ಎದುರಾಡುವ ಧೈರ್ಯವಿಲ್ಲದ ನಾನೂ ಹೋದಾಗಲೆಲ್ಲ ಕೈಮುಗಿದು ಬರುತ್ತಿದ್ದೆ.

ನಾನು ಅಲ್ಲಿಗೆ ಹೋಗಿದ್ದ ಒಂದು ಬೆಳಿಗ್ಗೆ ಮೀನು ಮಾರಿ ಬರುತ್ತಿದ್ದ ಅಜ್ಜಿ ಖಾಲಿ ಬುಟ್ಟಿ ಹಿಡಿದು ಶಾಲೆಯೊಳಗೆ ಬಂದಳು. ಬೇಲಿ ನೋಡಿದಳು, ನನ್ನನ್ನು ನೋಡಿದಳು.

"ದೋಣಿಗೆ ಪೂಜೆ ಮಾಡೂದು ನೀರಿಗೆ ಇಳಸೂಕೆ ಮಾಸ್ತರೇ, ಕಟ್ಟಿ ಹಾಕೂಕಲ್ಲ," ಎಂದಳು. "ಪೂಜೆ ಆದ್ಮೇಲೂ ದೋಣಿ ದಂಡೆ ಮೇಲೇ ಇದ್ರೆ, ಆ ಮನೇಲಿ ಏನೋ ಕೆಟ್ಟದ್ದು ನಡದದೆ ಅಂತ ತಿಳಿಯೂದು."

ನನಗೆ ನಾಚಿಕೆಯಾಯಿತು. ತರಬೇತಿಯಲ್ಲಿ ಇದನ್ನು ಹೇಳಿರಲಿಲ್ಲ. ಅಜ್ಜಿ ಬೇಲಿಯ ಎರಡು ಗಳ ಕಿತ್ತಳು, ಬಾವಿಯಿಂದ ನೀರು ಸೇದಿ ಕುಂಕುಮ ತೊಳೆದಳು. ಆಮೇಲೆ ಸೀರೆ ಎತ್ತಿ ಕಟ್ಟಿ ತಾನೇ ಹತ್ತಿ, ಗಂಡ ಹುಟ್ಟು ಹಿಡಿದು ಕೂರುತ್ತಿದ್ದ ಹಿಂದಿನ ತುದಿಯಲ್ಲಿ ಕೂತು ಮಕ್ಕಳನ್ನು ಕರೆದಳು. ಮುಂದಿನ ಗದ್ದಲದಲ್ಲಿ ಶಾಲೆಯ ಗಂಟೆ ಯಾರಿಗೂ ಕೇಳಲಿಲ್ಲ.

ಮನೆಗೆ ಬಂದು ನಕ್ಷೆ ಬಿಚ್ಚಿದೆ. ನೆರಳಿಗೂ ಜಾಗ ಗುರುತು ಮಾಡಿದ್ದೆ. ಅಜ್ಜಿ ಕೂರಲು ಎಲ್ಲೂ ಮಾಡಿರಲಿಲ್ಲ.