ಹೂಂ ಅನ್ನುವವಳು

ಮೊಸಳೆಯ ಬೆನ್ನೇರಿ ಕಾಳಿ ಹೊಳೆ ದಾಟಿದವ ನಾನು. ದಾಂಡೇಲಿಯಲ್ಲಿ ಯಾರನ್ನಾದರೂ ಕೇಳ್ರಿ, ಬೇಕಾದರೆ ಮೊಸಳೆಯನ್ನೇ ಕೇಳ್ರಿ. ಅಂಥವನನ್ನು ಸಮುದ್ರದಂಡೆಯ ಒಂದು ಸಣ್ಣ ಊರಿನವರು ಸಾಹಿತ್ಯ ಸಮ್ಮೇಳನಕ್ಕೆ ಕಥೆ ಹೇಳಲು ಕರೆದರು. ಅಕ್ಷರ ಬಾರದವನಿಗೆ ಶಾಲು ಬೇರೆ ಹೊದಿಸಿದರು.

ನನ್ನ ಹುಲಿಯ ಕಥೆ ಶುರು ಮಾಡಿದೆ. ಹುಲಿ ಗುಡ್ಡದ ತುದಿಯಿಂದ ನನ್ನ ಮೇಲೆ ಹಾರಿತು ಅಂದವನು ಅಲ್ಲೇ ನಿಂತೆ. ಆ ಜಾಗದಲ್ಲಿ ನನ್ನ ಹೆಂಡತಿ ರುಕ್ಮವ್ವ, "ಹೂಂ, ಇನ್ನೊಂದು ಸುಳ್ಳ ಬಿಡ್ರಿ" ಅನ್ನಬೇಕು. ಆಮೇಲೇ ನನ್ನ ನಾಲಿಗೆ ಮುಂದೆ ಹೋಗುವುದು. ನಲವತ್ತು ವರ್ಷ ಹಾಗೇ ನಡೆದಿತ್ತು. ಆಕೆ ತೀರಿಕೊಂಡು ಆಗ ಎರಡು ತಿಂಗಳು.

ಪೆಂಡಾಲಿನಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರು.

"ಯಾರರೆ ಹೂಂ ಅನ್ರಿ" ಎಂದೆ. ಜನ ನಕ್ಕು ಚಪ್ಪಾಳೆ ತಟ್ಟಿದರು.

"ಹೇಳಿ ಅಜ್ಜಾ, ನಾವು ಕೇಳ್ತಾ ಇದ್ದೇವಲ್ಲ" ಎಂದರು ಮೈಕಿನ ಪಕ್ಕದ ಮೇಷ್ಟ್ರು.

"ಬರೇ ಕೇಳಿದರ ಸಾಲೂದಿಲ್ರಿ, ಸರ."

ಆಗ ಹಿಂದೆ ಮೀನಿನ ಬುಟ್ಟಿ ಇಳಿಸಿಕೊಂಡು ನಿಂತಿದ್ದ ಮುದುಕಿಯೊಬ್ಬಳು ಕೂಗಿದಳು: "ಹೂಂ! ಅಯ್ಯೋ, ಆಮೇಲೆ ಏನಾಯ್ತು?"

ಪಾಪ, ಆಕೆ ನನ್ನ ಮಾತನ್ನು ಪೂರ್ತಿ ನಂಬಿಬಿಟ್ಟಿದ್ದಳು. ರುಕ್ಮವ್ವ ಒಂದು ದಿನವೂ ನಂಬಿದವಳಲ್ಲ. ಕಥೆಯನ್ನು ಅಲ್ಲಿಗೇ ಬಿಟ್ಟೆ. ಶಾಲಿನಲ್ಲಿ ಮುಖ ಒರೆಸಿಕೊಂಡು ಕೆಳಗಿಳಿದೆ.

ನಾನೇನೋ ಇಳಿದೆ, ಹುಲಿ ಇಳಿಯಲಿಲ್ಲ. ಇವತ್ತಿಗೂ ಅದು ಆ ಊರಿನ ಮೇಲೆ ಗಾಳಿಯಲ್ಲೇ ಐತಿ.