ಎಡಗೈ ನೂಲು

ಪಾಂಡವಪುರದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಬೀರಮ್ಮನ ಉಲ್ಲನ್ ಅಂಗಡಿ ಇದೆ. ಒಂದು ಶೆಟರಿನ ಅಂಗಡಿ. ಗೋಡೆಯ ತುಂಬ ಗಿಳಿ ಹಸಿರು, ಕನಕಾಂಬರ, ಕೆನ್ನೀಲಿ ಉಂಡೆಗಳು; ಗಾಜಿನ ಪೆಟ್ಟಿಗೆಯಲ್ಲಿ ಹೆಣಿಗೆ ಕಡ್ಡಿ, ಕ್ರೋಶಾ ಕಡ್ಡಿ, ಗುಂಡಿ, ಮಣಿ. ಗಲ್ಲಾದ ಹಿಂದೆ ಒಂದು ಬೋರ್ಡು: 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.' ಅದನ್ನು ಬೀರಮ್ಮ ದೇವರ ಪಟಕ್ಕಿಂತ ಒಂದು ಗೇಣು ಮೇಲೆಯೇ ಹೊಡೆಸಿದ್ದಾಳೆ. ದೇವರಾದರೆ ಕಣ್ಣು ಮುಚ್ಚಿಕೊಂಡಾದರೂ ಕೇಳಿಸಿಕೊಳ್ಳುತ್ತಾನೆ, ಬೋರ್ಡು ಯಾರ ಮಾತನ್ನೂ ಕೇಳುವುದಿಲ್ಲ ಎನ್ನುವುದು ಅವಳ ಅನುಭವ. ಮೊಮ್ಮಗನಿಗೆ ಸ್ವೆಟರ್ ಹಾಕಲು ಉಲ್ಲನ್ ಕೊಂಡುಹೋಗಿ, ಬಣ್ಣ ಸೊಸೆಗೆ ಹಿಡಿಸಲಿಲ್ಲವೆಂದು ಮರುದಿನ ವಾಪಸ್ ತಂದ ಹೆಂಗಸರು ಆ ಬೋರ್ಡು ನೋಡಿ, ಬೀರಮ್ಮನ ಮುಖ ನೋಡಿ, ಸೊಸೆಯನ್ನೇ ಬೈದುಕೊಂಡು ಹೋಗಿದ್ದಾರೆ.

ಅವಳು ಹುಟ್ಟಿದ್ದು ನಾಗಮಂಗಲದ ಹೊಣಕೆರೆ ಕಡೆ, ಕಂಬಳಿ ನೇಯುವ ಮನೆಯಲ್ಲಿ. ಅಪ್ಪ ಚಿಕ್ಕಸಿದ್ದಯ್ಯ ಮಗ್ಗದಲ್ಲಿ ಕೂತರೆ ಅವ್ವ ಚಿಕ್ಕಬೋರಮ್ಮ ಜಗುಲಿಯಲ್ಲಿ ಕೂತು ಕರಿ ಉಣ್ಣೆ ನೂಲುತ್ತಿದ್ದಳು. ಅವ್ವ ಎಡಗೈಯವಳು. ಕದಿರನ್ನು ಎಡಗೈಯಲ್ಲೇ ತಿರುಗಿಸುತ್ತಿದ್ದಳಾದ್ದರಿಂದ ಅವಳ ನೂಲಿನ ಹುರಿ ಊರಿನ ಬೇರೆ ಎಲ್ಲರ ನೂಲಿಗೂ ಉಲ್ಟಾ. ಅದನ್ನು ಬೇರೆಯವರ ನೂಲಿನ ಜೊತೆ ಒಂದೇ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳಲ್ಲಿ, ಬೆರೆಸಿದರೆ ಕಂಬಳಿ ಹುಳಿ ತಿಂದವರ ಮುಖದ ಹಾಗೆ ಅಲ್ಲಲ್ಲೇ ಮುದುರಿಕೊಳ್ಳುತ್ತಿತ್ತು. ಅಪ್ಪ ಹೆಂಡತಿಯ ಕೈ ತಿದ್ದಲು ಹೋಗಲಿಲ್ಲ. ಅವಳ ನೂಲನ್ನು ಬೇರೆ ಚೀಲದಲ್ಲಿ ಕೂಡಿಟ್ಟು, ಸಾಕಷ್ಟು ಸೇರಿದ ಮೇಲೆ ಅದರಲ್ಲೇ ಒಂದು ಕಂಬಳಿ ಪಟ್ಟಿ ನೇಯುತ್ತಿದ್ದ. ಮನೆಯ ಮದುವೆಗಳಿಗೆ ಗದ್ದಿಗೆ ಹಾಕುವುದು ಆ ಪಟ್ಟಿಯಲ್ಲೇ. ಹಸೆಗೆ ಹೋಗುವ ಮುಂಚೆ ಸೋದರಮಾವ ಕರಿ ಕಂಬಳಿ ಹಾಸಬೇಕು, ಹೆಣ್ಣು ಗಂಡು ಅದರ ಮೇಲೆ ಕೂರಬೇಕು. ಬೀರಮ್ಮನೂ ಹಾಗೇ ಕೂತವಳು.

ಅವ್ವ ಸಾಯುವ ಮುಂಚೆ ಕೊನೆಯದಾಗಿ ನೂತದ್ದು ಮೊಮ್ಮಗಳು, ಬೀರಮ್ಮನ ಮಗಳು ಸುಧಳ ಹೆಸರಿನಲ್ಲಿ. ಆ ಚೀಲ ಹೊಣಕೆರೆಯ ಮನೆಯ ಅಟ್ಟದಲ್ಲಿ, ಬೀರಮ್ಮನ ತಮ್ಮ ತಿಮ್ಮೇಶನ ವಶದಲ್ಲಿತ್ತು. ಈಗ ಮಗ್ಗ ನಡೆಸುವವನು ಅವನೇ. ಸುಧಳ ಮದುವೆ ಗೊತ್ತಾದ ದಿನವೇ ಬೀರಮ್ಮ ಫೋನು ಮಾಡಿ ಹೇಳಿದ್ದಳು. "ನೇಯ್ತಾವ್ನಿ ಕಣಕ್ಕ" ಅಂದಿದ್ದ. ಆಮೇಲೆ ಯಾವಾಗ ಕೇಳಿದರೂ ಅದೇ ಮಾತು.

ಇಂಥ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಹೊಳೆ ಹತ್ತಿರದ ಮೈದಾನದಲ್ಲಿ ನೂಲು ಮತ್ತು ಹೆಣಿಗೆ ಮೇಳ ಬಂತು. ಮೂರು ದಿನದ ಮೇಳ. ಮೈಸೂರು, ಬೆಂಗಳೂರಿನಿಂದ ಹೆಣೆಯುವ ಹೆಂಗಸರು ಬರುತ್ತಾರೆ, ಒಬ್ಬರೂ ಬರಿಗೈಯಲ್ಲಿ ಹೋಗುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಬೀರಮ್ಮ ಒಂದು ಮಳಿಗೆ ಹಿಡಿದಳು. ತಿಮ್ಮೇಶನನ್ನೂ ಮೇಳದವರು ಕರೆಸಿ, ಮರದ ಮಗ್ಗ ಹೂಡಿಸಿ, ಜನ ನೋಡಲಿ ಅಂತ ಶಾಮಿಯಾನದ ಮೂಲೆಯಲ್ಲಿ ಕೂರಿಸಿದ್ದರು.

ಮೊದಲ ದಿನ ವ್ಯಾಪಾರ ಚೆನ್ನಾಗಿಯೇ ಕುದುರಿತು. ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಬೀರಮ್ಮ ಮಳಿಗೆಯನ್ನು ಸುಧಳಿಗೆ ಬಿಟ್ಟು, ಅಂಗಡಿಗೆ ಬೇಕಾದ ಬಿದಿರಿನ ಕಡ್ಡಿ ಎಲ್ಲಾದರೂ ಅಗ್ಗಕ್ಕೆ ಸಿಗುತ್ತದೇನೋ ಅಂತ ಸಾಲು ಸಾಲು ನೋಡುತ್ತ ಹೊರಟಳು. ಮಾರುವವಳು ಕೊಳ್ಳಲು ಹೊರಟರೆ ಅವಳ ನಡಿಗೆಯೇ ಬೇರೆ. ಯಾವ ಮಾಲನ್ನೂ ಮೆಚ್ಚಿದಂತೆ ಕಾಣಬಾರದು. ಎಲ್ಲವನ್ನೂ ಮುಟ್ಟಬೇಕು, ಎಲ್ಲದಕ್ಕೂ ತುಟಿ ಸೊಟ್ಟ ಮಾಡಬೇಕು.

ಹಾಗೆ ಮುಟ್ಟುತ್ತ ಹೋದವಳ ಕೈ ಒಂದು ಕಡೆ ನಿಂತುಬಿಟ್ಟಿತು.

ಬಿದಿರು ಬುಟ್ಟಿಯಲ್ಲಿ ಕರಿ ಉಣ್ಣೆಯ ಉಂಡೆಗಳು. ಒಂದರ ತುದಿ ಎಳೆದು ಬೆರಳಲ್ಲಿ ಹೊಸೆದಳು. ಹುರಿ ಬಿಗಿಯಾಗಬೇಕಾದ ಕಡೆಗೆ ಬಿಚ್ಚಿಕೊಂಡಿತು. ಇನ್ನೊಂದನ್ನು ಹೊಸೆದಳು. ಅದೂ ಹಾಗೇ. ಬುಟ್ಟಿಯ ಮೇಲೆ 'ಅಜ್ಜಿಯ ಕೈನೂಲು' ಎಂಬ ಚೀಟಿ. ಪಕ್ಕದಲ್ಲಿ ಬೊಚ್ಚುಬಾಯಿ ಬಿಟ್ಟು ನಗುತ್ತಿರುವ ಮುದುಕಿಯೊಬ್ಬಳ ದೊಡ್ಡ ಫೋಟೊ.

"ಇದ್ಯಾರವ್ವ ಈವಮ್ಮ?"

ಮಳಿಗೆಯ ಹುಡುಗಿ ಅನು ಮೈಸೂರಿನವಳು. "ಈ ನೂಲು ತೆಗೆದ ಅಜ್ಜಿ, ಆಂಟಿ" ಅಂದಳು.

"ಏನವರೆಸ್ರು?"

ಅನು ಸ್ವಲ್ಪ ತಡವರಿಸಿದಳು. "ಅಂದ್ರೆ... ಅಂಥ ಅಜ್ಜಿಯರು ಅಂತ. ಫೋಟೊ ಇಂಟರ್‌ನೆಟ್ಟಲ್ಲಿ ಸಿಕ್ತು."

"ನಮ್ಮವ್ವ ಪಟ ಹಿಡಿಸ್ಕಂಡಿದ್ದು ಒಂದೇ ಸಲ. ರೇಷನ್ ಕಾರ್ಡ್ಗೆ. ಅದ್ರಲ್ಲೂ ನಕ್ಕಿರ್ನಿಲ್ಲ" ಅಂದಳು ಬೀರಮ್ಮ. "ಯಾರ್ ಕೊಟ್ರು ನಿಂಗೆ ಇದ?"

"ಅಲ್ಲಿ ಮಗ್ಗದ ಹತ್ರ ಇದ್ದಾರಲ್ಲ, ತಿಮ್ಮೇಶಣ್ಣ. ಪೂರ್ತಿ ಚೀಲ ನಾನೇ ತಗೊಂಡೆ. ಬೆಳಿಗ್ಗೆಯಿಂದ ಒಂದಷ್ಟು ಮಾರಿದ್ದೂ ಆಯ್ತು. ಯಾಕೆ ಆಂಟಿ?"

ಇದು ನನ್ನದು, ತೆಗೆ ಈಚೆಗೆ ಅನ್ನಲು ಬಾಯಿ ತೆರೆದ ಬೀರಮ್ಮನ ಕಣ್ಣಿಗೆ ಅನುವಿನ ತಲೆಯ ಮೇಲೆ ತೂಗಾಡುತ್ತಿದ್ದ ಪುಟ್ಟ ಹಲಗೆ ಬಿತ್ತು. ಹೂ ಬಳ್ಳಿ ಬರೆದು, ಚಂದದ ಅಕ್ಷರದಲ್ಲಿ 'ಮಾರಿದ ವಸ್ತು ಹಿಂಪಡೆಯುವುದಿಲ್ಲ' ಎಂದು ಬರೆದಿತ್ತು. ಹುಡುಗಿ ದುಡ್ಡು ಕೊಟ್ಟು ತಂದಿದ್ದಾಳೆ. ತಂದದ್ದನ್ನು ಮಾರುತ್ತಿದ್ದಾಳೆ. ಅವಳ ಜಾಗದಲ್ಲಿ ತಾನಿದ್ದರೂ ಇದನ್ನೇ ಮಾಡುತ್ತಿದ್ದೆ, ಮುದುಕಿಯ ಪಟ ಇನ್ನೂ ದೊಡ್ಡದು ಹಾಕಿಸುತ್ತಿದ್ದೆ ಅನ್ನುವುದು ಹೊಳೆದು ಬೀರಮ್ಮನ ಸಿಟ್ಟು ಇಮ್ಮಡಿಯಾಯಿತು. ಬೈಯಲು ಮನುಷ್ಯರು ಸಿಕ್ಕಿಯೂ ಬೈಯುವಂತಿಲ್ಲ.

"ಬುಟ್ಟೀಲಿರೋದ್ನೆಲ್ಲ ಕಟ್ಟು."

ಚೌಕಾಸಿ ಮಾಡಲಿಲ್ಲ. ಹೇಳಿದ್ದನ್ನು ಕೊಟ್ಟು, ಚೀಲ ಹೊತ್ತು ತನ್ನ ಮಳಿಗೆಗೆ ಬಂದಳು. ಸುಧ ಚೀಲ ನೋಡಿದಳು, ಅವ್ವನ ಮುಖ ನೋಡಿದಳು.

"ಎಷ್ಟಕ್ಕೆ ಬುಟ್ರವ್ವ?"

"ಕೇಳ್ದಷ್ಟ್ ಕೊಟ್ಟೆ."

ಸುಧ ಎದ್ದು ನಿಂತಳು. ಅವ್ವ ಚೌಕಾಸಿ ಮಾಡದೆ ಮಾಲು ತಂದದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. "ಯಾರಾದ್ರೂ ಓಗ್ಬುಟ್ರಾ?" ಅಂದಳು.

"ಓಯ್ತಾನೆ, ಈಗ" ಎಂದು ಬೀರಮ್ಮ ಮಗ್ಗದ ಕಡೆ ಹೊರಟಳು.

ತಿಮ್ಮೇಶ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಲಾಳಿ ಆಡಿಸುತ್ತಿದ್ದ. ರುಮಾಲು ಮೇಳದವರು ಕೊಟ್ಟದ್ದು. ಸುತ್ತ ನಿಂತವರು ಮೊಬೈಲು ಹಿಡಿದಿದ್ದರು. ಅಕ್ಕನ ಕೈಯಲ್ಲಿದ್ದ ಉಂಡೆ ಕಂಡದ್ದೇ ಅವನ ಲಾಳಿ ನಿಂತಿತು.

"ಏನ್ಲಾ ಇದು?"

"ಅಕ್ಕ, ಜನ ನೋಡ್ತಾವ್ರೆ."

"ನೋಡ್ಲಿ. ನೋಡಕ್ಕೆ ತಾನೆ ಟಿಕೆಟ್ ಕೊಟ್ಟು ಬಂದಿರಾದು? ಅವ್ವನ್ ನೂಲ್ನ ಮಾರ್ಕಬುಟ್ಟು, ನೇಯ್ತಾವ್ನಿ ನೇಯ್ತಾವ್ನಿ ಅಂತ ಯಾವ ಬಾಯಲ್ಲಿ ಅಂದ್ಲಾ?"

"ಅದು ಒಂದು ಪಟ್ಟೀಗೂ ಸಾಲ್ತಿರ್ನಿಲ್ಲ ಕಣಕ್ಕ. ಬ್ಯಾರೇದು ಬೆರ್ಸಿದ್ರೆ ಮುದುರ್ಕತದೆ, ನಿಂಗೇ ಗೊತ್ತು. ಅಟ್ಟದಲ್ಲಿ ನುಸಿ ಬೀಳ್ತಿತ್ತು. ಸುಧಂಗೆ ಒಳ್ಳೆ ನೂಲಲ್ಲೇ ಒಂದು ನೇಯ್ದು ಕೊಡ್ತಿದ್ದೆ. ಕರೀದೇ. ನಿಂಗೆ ಗೊತ್ತೂ ಆಯ್ತಿರ್ನಿಲ್ಲ."

ಈ ಕೊನೆಯ ಮಾತೊಂದು ಆಡದಿದ್ದರೆ ತಿಮ್ಮೇಶ ಆ ದಿನ ಸ್ವಲ್ಪದರಲ್ಲೇ ಬಚಾವಾಗುತ್ತಿದ್ದನೇನೋ.

"ಗೊತ್ತಾಯ್ತಿರ್ನಿಲ್ವಾ? ನಂಗೆ? ಆ ಹಟ್ಟಿ ಜಗಲಿ ಮ್ಯಾಲೆ ಅವ್ವನ್ ಪಕ್ದಲ್ಲಿ ಕೂತು ಉಣ್ಣೆ ಬಿಡ್ಸಿದೋಳು ನಾನಾ, ನಿನ್ನೆಂಡ್ತಿಯಾ?"

"ಬಿಡ್ಸಿದೋಳು ಬುಟ್ಟು ಓದ್ಯಲ್ಲಕ್ಕ!" ತಿಮ್ಮೇಶನೂ ಎದ್ದ. "ಮಗ್ಗ ಬ್ಯಾಡ, ಉಣ್ಣೆ ನಾತ ಅಂತ ಪಾಂಡವಪುರದಲ್ಲಿ ಪ್ಲಾಸ್ಟಿಕ್ ನೂಲು ಮಾರ್ತಾ ಕೂತಿದ್ದೀಯ. ನೂಲ್ಗೆ ಸವರಾಕೆ ಹುಣಸೆ ಬೀಜದ ಗಂಜಿ ಕಾಸಿ ಕಾಸಿ ಕೈ ಸುಟ್ಕಂಡೋನು ನಾನು. ಈಗ ಬಂದು ಅವ್ವನ್ ನೂಲು ಅಂತೀಯ!"

ಏಟು ಸರಿಯಾದ ಜಾಗಕ್ಕೇ ಬಿತ್ತು. ಬಿದ್ದದ್ದಕ್ಕೇ ಬೀರಮ್ಮನಿಗೆ ಇನ್ನಷ್ಟು ಸಿಟ್ಟು ಬಂತು.

"ಊಂ, ಮಾರ್ತೀನಿ. ನಂದು ಅಂತ ಹೇಳಿ ಮಾರ್ತೀನಿ. ಇನ್ನೊಬ್ರ ಮಗಳ ಗದ್ದಿಗೆ ಮಾರಲ್ಲ. ಆ ಹಾಸು ಕೀಳು."

"ಏನು?"

"ಮಗ್ಗದ ಮ್ಯಾಗಿರೋ ಹಾಸು ಕಿತ್ತಾಕು. ಇದ್ನ ಹೂಡು. ಮೇಳ ಮುಗಿಯೋದ್ರೊಳ್ಗೆ ಪಟ್ಟಿ ಇಳೀಬೇಕು. ಎಷ್ಟುದ್ದ ಆಯ್ತದೋ ಅಷ್ಟುದ್ದ. ಮಾರೋಗಿರೋ ಉಂಡೆಗಳ್ನ ನಾನು ತತ್ತೀನಿ."

ಮಾರಿಹೋದ ಉಂಡೆಗಳು ದೂರ ಹೋಗಿರಲಿಲ್ಲ. ಮಾವಿನ ಮರದ ಕೆಳಗೆ ಕುರ್ಚಿ ಹಾಕಿ, ಕೊಂಡದ್ದನ್ನು ಅಲ್ಲೇ ಹೆಣೆಯಲು ಜಾಗ ಮಾಡಿದ್ದರು. ಕೆ.ಆರ್. ಪೇಟೆಯ ರಿಟೈರ್ಡ್ ಮೇಡಂ ಪುಟ್ಟಗೌರಮ್ಮ ಕರಿ ನೂಲಿನಲ್ಲಿ ಚೀಲ ಹಾಕುತ್ತಿದ್ದರು. ಬೀರಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದಳು. ಬಲಗೈ ಕ್ರೋಶಾ ಕಡ್ಡಿ ಪ್ರತಿ ಸುತ್ತಿಗೂ ಆ ಉಲ್ಟಾ ಹುರಿಯನ್ನು ಒಂದಿಷ್ಟು ಬಿಚ್ಚುತ್ತಿತ್ತು. ನೂಲು ಎಳೆ ಎಳೆಯಾಗಿ ಕೂದಲೆದ್ದು ಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಮೇಡಂ ಬಿಚ್ಚಿದರು, ಮತ್ತೆ ಹಾಕಿದರು, ಕನ್ನಡಕ ಒರೆಸಿಕೊಂಡರು.

"ಕಡ್ಡಿ ಸರಿಯಿಲ್ಲ" ಅಂದರು ಕೊನೆಗೆ.

"ಕಡ್ಡಿ ಸರಿಯಾಗೇ ಅದೆ ಮೇಡಂ. ಆ ನೂಲು ಎಡಗೈದು. ನಿಮ್ ಬಲಗೈಗೆ ಬಗ್ಗಲ್ಲ" ಅಂದಳು ಬೀರಮ್ಮ. "ನನ್ನಂಗಡೀಲಿ ಒಳ್ಳೇ ಉಲ್ಲನ್ ಅದೆ. ಆ ಉಂಡೆ ಕೊಡಿ, ಒಂದು ತಗಳ್ಳಿ."

ಪುಟ್ಟಗೌರಮ್ಮ ಕನ್ನಡಕದ ಮೇಲಿನಿಂದ ನೋಡಿದರು. ವರ್ಷಗಟ್ಟಲೆ ಮಕ್ಕಳ ಸುಳ್ಳು ಹಿಡಿದ ಕಣ್ಣು ಅದು. "ಕೆಟ್ಟ ನೂಲು ಅಂತೀರಿ, ನಿಮಗ್ಯಾಕೆ ಬೇಕು?"

"ಬೇಕು."

"ಹಾಗಾದ್ರೆ ಒಂದಕ್ಕೆ ಮೂರು ಕೊಡಿ."

ಮಗಳ ಮದುವೆ ಅಂತ ಹೇಳಿದ್ದರೆ ಮೇಡಂ ಪುಕ್ಕಟೆ ಕೊಡುತ್ತಿದ್ದರೇನೋ. ಆದರೆ ಗಿರಾಕಿಯ ಮುಂದೆ ಮನೆ ಕಷ್ಟ ಹೇಳಿಕೊಂಡು ಮಾಲು ತೆಗೆಯುವುದು ಬೀರಮ್ಮನ ಜಾಯಮಾನವಲ್ಲ. ಹಲ್ಲು ಕಚ್ಚಿಕೊಂಡು ಮೂರು ಉಂಡೆ ಕೊಟ್ಟಳು. ಮರದ ಕೆಳಗಿದ್ದ ಉಳಿದವರೂ ಇದನ್ನು ಕಂಡು ತಮ್ಮ ಕರಿ ಉಂಡೆ ಹಿಡಿದು ಅವಳ ಮಳಿಗೆಗೇ ಬಂದರು. ಮಾಲು ವಾಪಸ್ ಪಡೆಯದ ಬೀರಮ್ಮ ಬೇರೆಯವರು ಮಾರಿದ ಮಾಲನ್ನು ವಾಪಸ್ ಪಡೆಯುತ್ತ ನಿಂತದ್ದನ್ನು ಸುಧ ಬಾಯಿ ಬಿಟ್ಟುಕೊಂಡು ನೋಡಿದಳು. ಕನಕಾಂಬರ ಬಣ್ಣವೆಲ್ಲ ಖಾಲಿಯಾಯಿತು.

ಒಂದು ಉಂಡೆ ಮಾತ್ರ ಸಿಗಲಿಲ್ಲ. ಯಾರೋ ಅದನ್ನು ತುಂಡು ತುಂಡು ಕತ್ತರಿಸಿ ಗೋಡೆಗೆ ತೂಗುಹಾಕುವ ಕುಚ್ಚು ಮಾಡಿಬಿಟ್ಟಿದ್ದರು. ಬೀರಮ್ಮ ಆ ಕುಚ್ಚನ್ನು ಒಮ್ಮೆ ಕೈಯಲ್ಲಿ ಹಿಡಿದು, ವಾಪಸ್ ಕೊಟ್ಟು, ಸೀದಾ ಹೋಗಿ ತಿಮ್ಮೇಶನಿಗೆ ಮತ್ತೊಂದು ಸುತ್ತು ಬೈದಳು.

ಆ ಸಂಜೆಯೇ ಹಾಸು ಹೂಡಿದ್ದಾಯಿತು. ಮರುದಿನ ಬೆಳಿಗ್ಗೆ ಹುಣಸೆ ಬೀಜದ ಗಂಜಿ ಕಾಸಿದ್ದು ಬೀರಮ್ಮ. ಕಾಸುವಾಗ ಅವಳ ಕೈಯೂ ಸುಟ್ಟಿತು, ತಿಮ್ಮೇಶ ನೋಡಿಯೂ ನೋಡದವನಂತೆ ಇದ್ದ. ಗಂಜಿ ಸವರಿ ಬಿಸಿಲಿಗೆ ಒಣಗಿಸಿ ಅವನು ಮಗ್ಗಕ್ಕೆ ಕೂತ. ಇವಳು ಪಕ್ಕದಲ್ಲೇ ಕೂತು ಲಾಳಿಗೆ ನೂಲು ಸುತ್ತಿಕೊಟ್ಟಳು.

"ಬಿಗಿಯಾಗ್ ಒಡಿಲಾ. ಅಪ್ಪ ಇಂಗೆ ಒಡೀತಿದ್ನಾ?"

"ಅಪ್ಪನ್ ತಲೆ ಮ್ಯಾಲೆ ಯಾರೂ ಇಂಗೆ ಕೂತಿರ್ನಿಲ್ಲ."

"ಅಪ್ಪ ಯಾರ್ ನೂಲೂ ಮಾರಿರ್ನಿಲ್ಲ."

ಇತ್ತ ಮೈಕಿನಲ್ಲಿ, ಅಕ್ಕ ತಮ್ಮ ಒಂದಾಗಿ ಕೂತು ಮನೆತನದ ಕಸುಬನ್ನು ಉಳಿಸುತ್ತಿರುವ ಅಪರೂಪದ ದೃಶ್ಯವನ್ನು ಎಲ್ಲರೂ ಬಂದು ನೋಡಬೇಕೆಂದು ಕೂಗಿ ಹೇಳುತ್ತಿದ್ದರು. ಜನ ಬಂದು ನೋಡಿದರು. ಬೈಗುಳ ಬಿದ್ದಾಗಲೆಲ್ಲ ಏನೋ ಜನಪದ ಹಾಡಿರಬೇಕೆಂದು ಬೆಂಗಳೂರಿನವರು ಚಪ್ಪಾಳೆ ತಟ್ಟಿದರು.

ಕೊನೆಯ ದಿನ ಸಂಜೆ ಪಟ್ಟಿ ಇಳಿಯಿತು. ಸಿಕ್ಕದ ಆ ಒಂದು ಉಂಡೆಯಷ್ಟು ಗಿಡ್ಡ. ತಿಮ್ಮೇಶ ಗೇಣು ಹಾಕಿ ಅಳೆದು, "ಇಬ್ರು ಕೂರಕ್ಕೆ ಸಾಲಲ್ವಲ್ಲಕ್ಕ. ತುದೀಗೆ ನನ್ ನೂಲಲ್ಲಿ ಒಸಿ ಸೇರ್ಸ್ಲಾ?" ಅಂದ.

"ಮುದುರ್ಸಕ್ಕಾ? ಏನೂ ಬ್ಯಾಡ. ಒತ್ಕಂಡು ಕೂತ್ಕತಾರೆ. ಮದ್ವೆ ಆಗೋರು ತಾನೆ."

ಸುಧ ಮುಖ ಕೆಂಪಗೆ ಮಾಡಿಕೊಂಡು ಉಳಿದ ಉಲ್ಲನ್ ಮೂಟೆ ಕಟ್ಟತೊಡಗಿದಳು. ಬೀರಮ್ಮ ಪಟ್ಟಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ತಿಮ್ಮೇಶ ರುಮಾಲು ಬಿಚ್ಚಿ ಕೈಯಲ್ಲಿ ಹಿಸುಕುತ್ತ ಹಿಂದೆ ಹಿಂದೆ ಮೈದಾನದ ಬಾಗಿಲ ತನಕ ಬಂದ.

"ಅಕ್ಕ, ಮದ್ವೆಗೆ ಬರ್ಲಾ ಬ್ಯಾಡ್ವಾ?"

"ಬರ್ದೆ ಎಲ್ಗೋದೀಯ? ಗದ್ದಿಗೆ ಹಾಸಾಕೆ ಇನ್ನೊಬ್ಬ ಸೋದರಮಾವನ್ನ ಎಲ್ಲಿಂದ ತರ್ಲಿ? ಅದೂ ಆ ಹುಡ್ಗಿ ಮಳಿಗೇಲಿ ಸಿಕ್ತದಾ? ಬಾ. ಬಂದು ಹಾಸು. ನನ್ನ ಮಾತ್ರ ಮಾತಾಡಿಸ್ಬ್ಯಾಡ."

"ಮಾತಾಡಿಸ್ದೆ, ಯಾವ ದಿಕ್ಕಿಗೆ ಹಾಸ್ಬೇಕು ಅಂತ ಎಂಗೆ ಕೇಳ್ಲಿ?"

"ಸುಧನ್ನ ಕೇಳು" ಎಂದು ಬೀರಮ್ಮ ಪಾಂಡವಪುರದ ಬಸ್ಸು ಹತ್ತಿದಳು.